ಒಂದೇ ಗಣತಿ, ಎರಡು ಲೆಕ್ಕ: ಕ್ಯಾಮೆರಾ ಹುಲಿಯನ್ನು ಎಣಿಸುವ ಬಗೆ

2023ರ ಏಪ್ರಿಲ್ 9ರಂದು ಮೈಸೂರಿನಲ್ಲಿ ಹುಲಿ ಯೋಜನೆಯ ಐವತ್ತನೆಯ ವರ್ಷದ ಸಮಾರಂಭ ನಡೆಯಿತು. ದೇಶದಲ್ಲಿ 3,167 ಹುಲಿಗಳಿವೆ ಎಂದು ಪ್ರಧಾನಿ ಅಲ್ಲಿ ಪ್ರಕಟಿಸಿದರು. ಜುಲೈ 29ರಂದು ಅದೇ 2022ರ ಗಣತಿಯ ಹೆಸರಿನಲ್ಲಿ ಇನ್ನೊಂದು ಅಂಕಿ ಹೊರಬಿತ್ತು: 3,682. ಪತ್ರಿಕೆಯನ್ನು ಗಮನವಿಟ್ಟು ಓದುವ ಯಾರಿಗಾದರೂ ತಲೆ ತುರಿಸಿಕೊಳ್ಳುವಂತಾಗುವ ಸಂಗತಿ ಇದು. ಮೂರೂವರೆ ತಿಂಗಳಲ್ಲಿ ಐನೂರಕ್ಕೂ ಹೆಚ್ಚು ಹುಲಿಗಳು ಎಲ್ಲಿಂದ ಬಂದವು?

ಎಲ್ಲಿಂದಲೂ ಬರಲಿಲ್ಲ. ಎರಡೂ ಅಂಕಿಗಳು ಒಂದೇ ಲೆಕ್ಕದ ಎರಡು ತುಂಡುಗಳು. ಆ ಗಣತಿಯಲ್ಲಿ ಕ್ಯಾಮೆರಾಕ್ಕೆ ಸಿಕ್ಕ, ಬೇರೆ ಬೇರೆ ಎಂದು ಪಟ್ಟೆ ನೋಡಿ ಗುರುತಿಸಿದ ಹುಲಿಗಳು 3,080. ಕಾಡಿನಲ್ಲಿ ಇರಬಹುದಾದ ಹುಲಿಗಳ ಸಂಖ್ಯೆಗೆ ತಜ್ಞರು ಹಾಕಿದ ಕೆಳಗಿನ ಮಿತಿ 3,167, ಮೇಲಿನ ಮಿತಿ 3,925. ಈ ಎರಡರ ನಡುವೆ ಅತಿ ಸಂಭವನೀಯವೆಂದು ಕೊಟ್ಟ ಅಂದಾಜು 3,682. ಮೈಸೂರಿನಲ್ಲಿ ಮೊದಲು ಹೇಳಿದ್ದು ಕೆಳಗಿನ ಮಿತಿಯನ್ನು, ಅಷ್ಟೇ. (ಎರಡು ಮಿತಿಗಳನ್ನು ಕೂಡಿ ಅರ್ಧ ಮಾಡಿದರೆ 3,682 ಬರುವುದಿಲ್ಲವಲ್ಲ ಎಂದು ಲೆಕ್ಕ ಹಾಕಿ ನೋಡುವವರಿಗೆ ಉತ್ತರ: ಇಂಥ ಅಂದಾಜು ನಟ್ಟನಡುವೆಯೇ ಕೂರಬೇಕೆಂಬ ನಿಯಮವಿಲ್ಲ.) ಕರ್ನಾಟಕದ ಪಾಲಿಗೆ ಬಂದದ್ದು 563. ಈ 563 ಹುಲಿಗಳನ್ನು ಯಾರೂ ಒಂದೊಂದಾಗಿ ಎಣಿಸಿಲ್ಲ. ಎಣಿಸಲು ಬರುವುದೂ ಇಲ್ಲ. ಹಾಗಿದ್ದೂ ಆ ಅಂಕಿ ಬಾಯಿಗೆ ಬಂದದ್ದಲ್ಲ. ಅದು ಹುಟ್ಟುವ ಬಗೆಯನ್ನು ಅರಿಯಬೇಕಾದರೆ ಒಂದು ವಿಶೇಷ ಬಗೆಯ ಛಾಯಾಗ್ರಹಣವನ್ನು ಅರಿಯಬೇಕು. ಅದರಲ್ಲಿ ಛಾಯಾಗ್ರಾಹಕ ಇರುವುದಿಲ್ಲ, ಚಿತ್ರ ಚೆನ್ನಾಗಿರಬೇಕೆಂಬ ಹಟವೂ ಇಲ್ಲ.

ಮೊದಲು ಹುಲಿಗಳನ್ನು ಹೆಜ್ಜೆ ಗುರುತಿನಿಂದ ಎಣಿಸುತ್ತಿದ್ದರು. 1960ರ ದಶಕದಲ್ಲಿ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ ರೂಪಿಸಿದ ವಿಧಾನ ಅದು. ಸಿಬ್ಬಂದಿ ಕಾಡುದಾರಿಗಳಲ್ಲಿ ನಡೆದು, ದೂಳಿನಲ್ಲಿ ಮೂಡಿದ ಹೆಜ್ಜೆಯ ಮೇಲೆ ಗಾಜಿನ ಹಲಗೆ ಇಟ್ಟು ಅಂಚನ್ನು ಗೆರೆ ಎಳೆದು ತರುತ್ತಿದ್ದರು. ಕೆಲವೊಮ್ಮೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯುತ್ತಿದ್ದರು. ಪ್ರತಿ ಹುಲಿಯ ಹೆಜ್ಜೆಯೂ ಭಿನ್ನ, ಆದ್ದರಿಂದ ಬೇರೆ ಬೇರೆ ಹೆಜ್ಜೆ ಎಷ್ಟೋ ಹುಲಿಯೂ ಅಷ್ಟು ಎಂಬುದು ಅದರ ತರ್ಕ. ಕೇಳಲು ಸರಿಯೆನಿಸುತ್ತದೆ. ಆದರೆ ಒಂದೇ ಹುಲಿ ಕೆಸರಿನಲ್ಲಿ ಇಟ್ಟ ಹೆಜ್ಜೆಗೂ ಗಟ್ಟಿ ಮಣ್ಣಿನಲ್ಲಿ ಇಟ್ಟ ಹೆಜ್ಜೆಗೂ ಅಜಗಜಾಂತರ. ನಡಿಗೆಯ ವೇಗ ಬದಲಾದರೂ ಆಕಾರ ಬದಲಾಗುತ್ತದೆ. ಅದನ್ನು ಕಾಗದಕ್ಕಿಳಿಸುವ ಕೈ ಬದಲಾದರಂತೂ ಹೇಳುವುದೇ ಬೇಡ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲೇ ಇದನ್ನು ಪರೀಕ್ಷೆಗೆ ಒಡ್ಡಿದ್ದರು. ಪಂಜರದಲ್ಲಿದ್ದ ನಾಲ್ಕು ಹುಲಿಗಳ ಹೆಜ್ಜೆ ಗುರುತುಗಳನ್ನು ಅನುಭವಿಗಳ ಮುಂದಿಟ್ಟು ಇವು ಎಷ್ಟು ಹುಲಿಗಳವು ಎಂದು ಕೇಳಿದರೆ, ಉತ್ತರಗಳು ಆರರಿಂದ 24ರವರೆಗೆ ಹರಡಿಕೊಂಡಿದ್ದವು.

ಕೊನೆಗೆ ಆ ವಿಧಾನವನ್ನು ಮುಗಿಸಿದ್ದು ರಾಜಸ್ಥಾನದ ಸರಿಸ್ಕಾ. ದಾಖಲೆಗಳಲ್ಲಿ ಹುಲಿಗಳಿದ್ದ ಆ ಕಾಡಿನಲ್ಲಿ ಒಂದೂ ಉಳಿದಿಲ್ಲ, ಕಳ್ಳಬೇಟೆಗಾರರು ಎಲ್ಲವನ್ನೂ ಮುಗಿಸಿದ್ದಾರೆ ಎಂಬುದು 2005ರಲ್ಲಿ ಬಯಲಾಯಿತು. ಸತ್ತ ಹುಲಿಗಳು ಕಾಗದದ ಮೇಲೆ ಓಡಾಡಿಕೊಂಡಿದ್ದವು. ಅದರ ಬೆನ್ನಿಗೇ 2006ರಲ್ಲಿ ಹೊಸ ವಿಧಾನದ ಮೊದಲ ರಾಷ್ಟ್ರೀಯ ಅಂದಾಜು ನಡೆದು 1,411 ಎಂಬ ಅಂಕಿ ಬಂತು. ಅದಕ್ಕೂ ಮುಂಚಿನ ಹೆಜ್ಜೆ ಗುರುತಿನ ಗಣತಿ ಹೇಳಿದ್ದು 3,642. ನಾಲ್ಕೈದು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಲಿಗಳು ಸತ್ತವೆಂದು ಇದರ ಅರ್ಥವಲ್ಲ, ಅಳತೆಗೋಲೇ ಬದಲಾಗಿತ್ತು. ಇದೇ ಕಾರಣಕ್ಕೆ 1972ರ 1,827ರಿಂದ ಈಗಿನ 3,682ಕ್ಕೆ ನೇರ ಗೆರೆ ಎಳೆದು ದುಪ್ಪಟ್ಟಾಯಿತು ಎಂದು ಸಂಭ್ರಮಿಸುವ ಚಿತ್ರಪಟಗಳನ್ನು ನಾನು ನಂಬುವುದಿಲ್ಲ. ಗಜದಲ್ಲಿ ಅಳೆದದ್ದನ್ನು ಮೀಟರಿನಲ್ಲಿ ಅಳೆದದ್ದಕ್ಕೆ ಹೋಲಿಸಿದ ಹಾಗೆ ಅದು.

ಹೊಸ ವಿಧಾನದ ಬೇರು ಮಾತ್ರ ಹಳೆಯದು. 1920ರ ದಶಕದಲ್ಲಿ ಆಗಿನ ಸಂಯುಕ್ತ ಪ್ರಾಂತ್ಯದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್, ಹುಲಿ ನಡೆಯುವ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ ಅದನ್ನು ಕ್ಯಾಮೆರಾಕ್ಕೂ ಫ್ಲ್ಯಾಶಿಗೂ ಜೋಡಿಸಿದ್ದರು. ಕಾಲು ತಂತಿಗೆ ತಗುಲಿದೊಡನೆ ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತಿತ್ತು. ಕೋವಿ ಹಿಡಿದು ಕಾಡಿಗೆ ಹೋಗುವುದೇ ಅಧಿಕಾರಿಗಳಿಗೆ ಪ್ರತಿಷ್ಠೆಯಾಗಿದ್ದ ಕಾಲದಲ್ಲಿ ಅವರು ಕ್ಯಾಮೆರಾ ಹಿಡಿದರು. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ, ಪಟ್ಟೆ ನೋಡಿ ಹುಲಿಯನ್ನು ಗುರುತಿಸಬಹುದು ಎಂಬುದನ್ನು ತಮ್ಮ ಚಿತ್ರಗಳನ್ನು ನೋಡಿಯೇ ಅವರು ಮನಗಂಡಿದ್ದರು. ಎಪ್ಪತ್ತು ವರ್ಷಗಳ ತರುವಾಯ ನಾಗರಹೊಳೆಯಲ್ಲಿ ಆ ಗಮನಿಕೆ ಗಣಿತದೊಂದಿಗೆ ಕೂಡಿತು. ಉಲ್ಲಾಸ ಕಾರಂತರು 1995ರಲ್ಲಿ, ಆಮೇಲೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೇಮ್ಸ್ ನಿಕೋಲ್ಸ್ ಅವರ ಜತೆಗೂಡಿ 1998ರಲ್ಲಿ ಪ್ರಕಟಿಸಿದ ಪ್ರಬಂಧಗಳು ಹುಲಿಯ ಎಣಿಕೆಯ ದಿಕ್ಕನ್ನೇ ಬದಲಿಸಿದವು. ಇವತ್ತು ಜಗತ್ತಿನ ಎಲ್ಲೆಡೆ ಹುಲಿ, ಚಿರತೆ, ಜಾಗ್ವಾರ್‌ಗಳನ್ನು ಎಣಿಸುವವರು ಬಳಸುವ ವಿಧಾನ ಪಳಗಿದ್ದು ನಮ್ಮ ಕೊಡಗು–ಮೈಸೂರು ಗಡಿಯ ಕಾಡಿನಲ್ಲಿ ಎಂಬುದನ್ನು ನಾವು ಯಾಕೋ ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಈಗ ತಂತಿ ಇಲ್ಲ. ಕ್ಯಾಮೆರಾ ಟ್ರ್ಯಾಪ್ ಎಂಬುದು ಮರಕ್ಕೋ ಗೂಟಕ್ಕೋ ಬಿಗಿದ ಪುಟ್ಟ ಡಬ್ಬಿ. ಅದರೊಳಗಿನ ಸಂವೇದಕ ಶಾಖವನ್ನು ಗಮನಿಸುತ್ತಿರುತ್ತದೆ. ಸುತ್ತಲಿನ ಹಿನ್ನೆಲೆಗಿಂತ ಬೇರೆ ಉಷ್ಣತೆಯ ವಸ್ತುವೊಂದು ಅದರ ಮುಂದೆ ಚಲಿಸಿದರೆ ಕ್ಯಾಮೆರಾ ಎಚ್ಚೆತ್ತು ಚಿತ್ರ ತೆಗೆಯುತ್ತದೆ. ಶಾಖ ಮತ್ತು ಚಲನೆ ಎರಡೂ ಬೇಕು ಎಂಬಲ್ಲಿಯೇ ಇದರ ತಲೆನೋವುಗಳೂ ಇವೆ. ಬೇಸಿಗೆಯ ಮಧ್ಯಾಹ್ನ ನೆಲದ ಬಿಸಿ ಪ್ರಾಣಿಯ ಮೈಬಿಸಿಗೆ ಸಮೀಪ ಬಂದಾಗ ಎದುರಿಗೆ ಹಾದುಹೋದ ಪ್ರಾಣಿಯೂ ಅದಕ್ಕೆ ಕಾಣದಿರಬಹುದು. ಬಿಸಿಲಿಗೆ ಕಾದ ಹುಲ್ಲಿನ ಗರಿ ಗಾಳಿಗೆ ತೂಗಿದರೆ ಅದನ್ನೇ ಪ್ರಾಣಿ ಎಂದು ನೂರಾರು ಚಿತ್ರ ತೆಗೆದು ಬ್ಯಾಟರಿ ಮುಗಿಸಬಹುದು. ಅದಕ್ಕೇ ಕ್ಯಾಮೆರಾ ಕಟ್ಟುವವರು ಮೊದಲು ಕತ್ತಿ ಹಿಡಿದು ಎದುರಿನ ಹುಲ್ಲು, ಲಂಟಾನದ ಕೊಂಬೆಗಳನ್ನು ಸವರುತ್ತಾರೆ.

ಜಾಗದ ಆಯ್ಕೆಯಲ್ಲಿ ಯಂತ್ರದ ಪಾಲೇನೂ ಇಲ್ಲ. ಹುಲಿ ಪೊದೆಯಲ್ಲಿ ನುಗ್ಗಿ ನಡೆಯುವುದಕ್ಕಿಂತ ಜೀಪಿನ ದಾರಿ, ಕಾಳ್ಗಿಚ್ಚು ಹಬ್ಬದಂತೆ ಸವರಿಟ್ಟ ಬೆಂಕಿ ರೇಖೆ, ಒಣಗಿದ ಹಳ್ಳದ ಪಾತ್ರ ಇವುಗಳಲ್ಲಿ ಸದ್ದಿಲ್ಲದೆ ನಡೆಯಲು ಇಷ್ಟಪಡುತ್ತದೆ. ದಾರಿ ಬದಿಯ ನೆಲವನ್ನು ಹಿಂಗಾಲಿನಿಂದ ಕೆರೆದ ಗುರುತು, ಮರದ ಕಾಂಡಕ್ಕೆ ಸಿಂಪಡಿಸಿದ ವಾಸನೆ, ಮಲ, ಹೆಜ್ಜೆ ಇವನ್ನು ಓದಬಲ್ಲವರು ಬೇಕು. ಸೋಲಿಗ, ಜೇನುಕುರುಬ ಸಮುದಾಯಗಳಿಂದ ಬಂದ ವಾಚರ್‌ಗಳ ಕಣ್ಣು ಇಲ್ಲಿ ಯಾವ ಸಾಧನಕ್ಕೂ ಸೋಲುವುದಿಲ್ಲ. ಆ ಮೇಲೆ ಆನೆಗಳ ಕಾಟ. ತಮ್ಮ ದಾರಿಯಲ್ಲಿ ಹೊಸದೇನೋ ಕಂಡರೆ ಸೊಂಡಿಲಿನಿಂದ ಕಿತ್ತು ಎಸೆಯುವ ಅಭ್ಯಾಸ ಅವಕ್ಕಿದೆ. ಕ್ಯಾಮೆರಾವನ್ನು ಕಬ್ಬಿಣದ ಕವಚದಲ್ಲಿಟ್ಟು ಬೀಗ ಹಾಕಬೇಕಾಗುವುದು ಅದಕ್ಕೆ. ಕಳ್ಳಬೇಟೆಗಾರರೂ ಕದಿಯುತ್ತಾರೆ, ತಮ್ಮ ಮುಖ ಅದರಲ್ಲಿ ಸೆರೆಯಾಗಿರಬಹುದೆಂಬ ಭಯಕ್ಕೆ.

ಕ್ಯಾಮೆರಾಗಳನ್ನು ಸುಮಾರಾಗಿ ಮೊಣಕಾಲೆತ್ತರದಲ್ಲಿ, ದಾರಿಯ ಎರಡೂ ಬದಿಗೆ ಜೋಡಿಯಾಗಿ ಕಟ್ಟುತ್ತಾರೆ. ಈ ಜೋಡಿಯ ಕಾರಣ ಸ್ವಾರಸ್ಯದ್ದು. ಹುಲಿಯ ಎಡ ಮೈಯ ಪಟ್ಟೆಗೂ ಬಲ ಮೈಯ ಪಟ್ಟೆಗೂ ಹೊಂದಿಕೆ ಇರುವುದಿಲ್ಲ. ಒಂದೇ ಕ್ಯಾಮೆರಾ ಇಟ್ಟಿದ್ದರೆ, ಸೋಮವಾರ ಬಡಗಣಕ್ಕೆ ಹೋದಾಗ ಅದರ ಎಡ ಮಗ್ಗುಲು ಸಿಗುತ್ತದೆ, ಬುಧವಾರ ಮರಳಿದಾಗ ಬಲ ಮಗ್ಗುಲು. ಎರಡೂ ಒಂದೇ ಹುಲಿಯದೆಂದು ಹೇಳಲು ಯಾವ ಆಧಾರವೂ ಇಲ್ಲದೆ ಒಂದು ಹುಲಿ ಎರಡಾಗಿಬಿಡುತ್ತದೆ. ಎರಡೂ ಮಗ್ಗುಲು ಒಂದೇ ಕ್ಷಣದಲ್ಲಿ ಸಿಕ್ಕರೆ ಆ ಗೊಂದಲವಿಲ್ಲ. ಎರಡು ಕ್ಯಾಮೆರಾಗಳನ್ನು ಕಣ್ಣಿಗೆ ಕಣ್ಣು ಕೂಡಿಸಿ ನಿಲ್ಲಿಸುವುದಿಲ್ಲ, ಒಂದಷ್ಟು ಓರೆಯಾಗಿಸುತ್ತಾರೆ. ಇಲ್ಲವಾದರೆ ಒಂದರ ಫ್ಲ್ಯಾಶ್ ಇನ್ನೊಂದರ ಚಿತ್ರವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ರಾತ್ರಿಯ ಹುಲಿಗೆ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕಿಗಿಂತ ಬಿಳಿ ಫ್ಲ್ಯಾಶೇ ವಾಸಿ ಎನ್ನುವವರು ಹೆಚ್ಚು. ಅವಕೆಂಪಿನಲ್ಲಿ ಪ್ರಾಣಿಗೆ ತೊಂದರೆ ಕಡಿಮೆಯಾದರೂ ನಡೆಯುವ ಹುಲಿಯ ಪಟ್ಟೆಗಳು ಕಲಸಿಹೋಗುತ್ತವೆ.

ಆದರೆ ಅವಕೆಂಪು ಬೆಳಕು ಒಂದು ಕಡೆ ಪವಾಡವನ್ನೇ ಮಾಡಿದೆ. ಕರಿಚಿರತೆ ಬೇರೆ ಜಾತಿಯಲ್ಲ, ಚಿರತೆಯೇ. ಅದರ ಕಪ್ಪು ಮೈಯಲ್ಲೂ ಚಿರತೆಯ ಚುಕ್ಕೆಗಳಿವೆ, ಹಗಲಿನ ಬೆಳಕಿಗೆ ಅವು ಸರಿಯಾಗಿ ಕಾಣುವುದಿಲ್ಲ. ಮಲೇಷ್ಯಾದ ಪರ್ಯಾಯದ್ವೀಪದಲ್ಲಿ ಚಿರತೆಗಳೆಲ್ಲ ಹೆಚ್ಚುಕಡಿಮೆ ಕರಿಯವೇ ಆಗಿರುವುದರಿಂದ ಅವನ್ನು ಎಣಿಸುವುದು ಅಸಾಧ್ಯವೆಂದು ತಿಳಿದಿದ್ದರು. ಅಲ್ಲಿನ ಸಂಶೋಧಕರು ಕ್ಯಾಮೆರಾದ ಬೆಳಕಿನ ಸಂವೇದಕವನ್ನು ಮರೆಮಾಡಿ, ಹಗಲಿನಲ್ಲೂ ಅದು ರಾತ್ರಿ ಎಂದೇ ಭಾವಿಸಿ ಅವಕೆಂಪು ಫ್ಲ್ಯಾಶ್ ಹಾರಿಸುವಂತೆ ಮಾಡಿದರು. ಕಪ್ಪಿನ ಅಡಿಯಿಂದ ಚುಕ್ಕೆಗಳು ಎದ್ದುಬಂದವು. 2015ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಹಣ ಕೇಳದ ಇಂಥ ಉಪಾಯಗಳನ್ನು ಕಂಡರೆ ನನಗೆ ವಿಶೇಷ ಗೌರವ.

ಚಿತ್ರಗಳು ಬಂದ ಮೇಲೆ ಬೇಸರದ ಕೆಲಸ ಶುರು. 2018–19ರ ಗಣತಿಯಲ್ಲಿ ದೇಶದ 26,838 ಜಾಗಗಳಲ್ಲಿ ಕ್ಯಾಮೆರಾ ಇಡಲಾಗಿತ್ತು. ಅದು ಜಗತ್ತಿನ ಅತಿ ದೊಡ್ಡ ಕ್ಯಾಮೆರಾ ಟ್ರ್ಯಾಪ್ ಸಮೀಕ್ಷೆ ಎಂದು ಗಿನ್ನಿಸ್ ದಾಖಲೆಗೂ ಸೇರಿತು. ಸಿಕ್ಕ ಚಿತ್ರಗಳು ಸುಮಾರು 3.49 ಕೋಟಿ. ಅದರಲ್ಲಿ ಹುಲಿಯ ಚಿತ್ರಗಳು 76,651. ಅಂದರೆ ಸುಮಾರು 450 ಚಿತ್ರ ನೋಡಿದರೆ ಒಂದರಲ್ಲಿ ಹುಲಿ. ಉಳಿದವುಗಳಲ್ಲಿ ಜಿಂಕೆ, ಕಡವೆ, ಕಾಟಿ, ದನ, ಸೌದೆಗೆ ಹೋದವರು, ಗಸ್ತು ಸಿಬ್ಬಂದಿ, ಸುಮ್ಮನೆ ಅಲುಗಿದ ಎಲೆ. ಮೊದಲ ಜಾಲಾಟವನ್ನು ಈಗ ಕಂಪ್ಯೂಟರ್ ಮಾಡುತ್ತದೆ. ಪಟ್ಟೆಯ ಹೋಲಿಕೆಗೂ ತಂತ್ರಾಂಶವಿದೆ. ಹುಲಿಯ ಮೈ ಚಪ್ಪಟೆಯಲ್ಲವಾದ್ದರಿಂದ, ಕ್ಯಾಮೆರಾ ಓರೆಯಾಗಿ ಹಿಡಿದ ಚಿತ್ರವನ್ನು ಅದು ಮೊದಲು ಹುಲಿಯ ದುಂಡನೆಯ ಮೂರು ಆಯಾಮದ ಮಾದರಿಗೆ ಹೊದಿಸುತ್ತದೆ, ಆಮೇಲೆ ಬಿಡಿಸಿ ಹಾಸಿದ ಪಟ್ಟೆಗಳನ್ನು ಹಳೆಯ ಭಂಡಾರದೊಂದಿಗೆ ತಾಳೆ ನೋಡಿ ಹೋಲುವ ಕೆಲವನ್ನು ಮುಂದಿಡುತ್ತದೆ. ಕೊನೆಯ ತೀರ್ಪು ಮನುಷ್ಯನ ಕಣ್ಣಿನದೇ.

ಇನ್ನು ಗಣಿತ. ಕಂಡ ಹುಲಿಗಳನ್ನು ಹೇಗೋ ಎಣಿಸಿದೆವು, ಕಾಣದೇ ಉಳಿದವನ್ನು ಎಣಿಸುವುದು ಹೇಗೆ? ಒಂದು ಕಾಡಿನಲ್ಲಿ ಮೊದಲ ಸುತ್ತಿನಲ್ಲಿ ಬೇರೆ ಬೇರೆ 20 ಹುಲಿಗಳು ಕ್ಯಾಮೆರಾಕ್ಕೆ ಸಿಕ್ಕವೆನ್ನಿ. ಎರಡನೆಯ ಸುತ್ತಿನಲ್ಲಿ 24 ಸಿಕ್ಕವು. ಈ 24ರಲ್ಲಿ 12 ಹಳೆಯ ಪರಿಚಯದವು, ಉಳಿದ 12 ಹೊಸ ಮುಖಗಳು. ಎರಡನೆಯ ಸುತ್ತಿನಲ್ಲಿ ಕಂಡವುಗಳಲ್ಲಿ ಅರ್ಧ ಹಳೆಯವಾಗಿದ್ದರೆ, ಮೊದಲ ಸುತ್ತಿನಲ್ಲಿ ನಾವು ಇಡೀ ಕಾಡಿನ ಅರ್ಧದಷ್ಟು ಹುಲಿಗಳನ್ನು ನೋಡಿದ್ದೆವು ಎಂದಾಯಿತು. 20 ಅರ್ಧವಾದರೆ ಪೂರ್ತಿ 40. ಎರಡೂ ಸುತ್ತು ಸೇರಿ ಕಣ್ಣಿಗೆ ಕಂಡದ್ದು 32. ಹಾಗಾದರೆ ಎಂಟು ಹುಲಿಗಳು ಒಮ್ಮೆಯೂ ಕ್ಯಾಮೆರಾದ ಮುಂದೆ ಬರದೆ ಕಾಡಿನಲ್ಲೇ ಇವೆ. ಎರಡನೆಯ ಸುತ್ತಿನಲ್ಲಿ ಬಂದವೆಲ್ಲ ಹಳೆಯವೇ ಆಗಿದ್ದರೆ ನಾವು ಬಹುತೇಕ ಎಲ್ಲವನ್ನೂ ನೋಡಿಬಿಟ್ಟಿದ್ದೇವೆ ಎಂದು ಧೈರ್ಯವಾಗಿ ಹೇಳಬಹುದಿತ್ತು. ಬಂದವೆಲ್ಲ ಹೊಸವೇ ಆಗಿದ್ದರೆ ಕಾಡಿನಲ್ಲಿ ಎಷ್ಟಿವೆಯೋ ದೇವರೇ ಬಲ್ಲ. ಮರಳಿ ಸಿಕ್ಕವುಗಳ ಪಾಲಿನಲ್ಲಿಯೇ ಎಲ್ಲ ಗುಟ್ಟೂ ಅಡಗಿದೆ. ಮೀನು ಮತ್ತು ಬಾತುಕೋಳಿಗಳನ್ನು ಎಣಿಸಲು ನೂರು ವರ್ಷಗಳ ಹಿಂದೆಯೇ ಬಳಕೆಗೆ ಬಂದ ಲೆಕ್ಕ ಇದು. ಮೀನಿಗೆ ಗುರುತು ಹಾಕಿ ಬಿಡಬೇಕಿತ್ತು, ಹುಲಿ ಹುಟ್ಟುವಾಗಲೇ ಗುರುತು ಹಾಕಿಸಿಕೊಂಡು ಬಂದಿರುತ್ತದೆ.

ನಿಜವಾದ ಲೆಕ್ಕ ಇದಕ್ಕಿಂತ ಜಟಿಲ. ಸಮೀಕ್ಷೆ ನಡೆಯುವಾಗ ಹುಲಿಗಳು ಹುಟ್ಟಿ ಸತ್ತು ಬಂದು ಹೋಗುತ್ತಿದ್ದರೆ ಲೆಕ್ಕ ಕೆಡುತ್ತದೆಯಾದ್ದರಿಂದ ಅದನ್ನು ಕೆಲವೇ ವಾರಗಳಲ್ಲಿ ಮುಗಿಸಬೇಕು. ಗಂಡು ಹುಲಿ ಹೆಚ್ಚು ಅಲೆಯುತ್ತದೆ, ಹೆಣ್ಣು ಕಡಿಮೆ. ಕಾಡಂಚಿನ ಕ್ಯಾಮೆರಾಕ್ಕೆ ಹೊರಗಿನ ಹುಲಿಯೂ ಇಣುಕಿ ಹೋಗಿರಬಹುದು. ಹೀಗಾಗಿ ಈಗಿನ ಸೂತ್ರಗಳು ಹುಲಿ ಎಷ್ಟು ಸಲ ಸಿಕ್ಕಿತು ಎಂಬುದರ ಜತೆಗೆ ಎಲ್ಲೆಲ್ಲಿ ಸಿಕ್ಕಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಗಣತಿ ಒಂದು ಅಂಕಿಯನ್ನು ಕೊಡದೆ ಕೆಳಮಿತಿ, ಮೇಲ್ಮಿತಿಗಳನ್ನು ಕೊಡುವುದು ಇದೇ ಕಾರಣಕ್ಕೆ. 2006ರ 1,411ರ ಹಿಂದೆಯೂ 1,165ರಿಂದ 1,657 ಎಂಬ ಹರವು ಇತ್ತು. ಸುದ್ದಿಯ ತಲೆಬರಹದಲ್ಲಿ ಹರವಿಗೆ ಜಾಗವಿಲ್ಲ, ಹಾಗಾಗಿ ಅದು ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಕ್ಯಾಮೆರಾ ಇಡಲಾಗದ ಕಾಡುಗಳೂ ಇವೆ. ಅಲ್ಲಿ ಸಿಬ್ಬಂದಿ ನಡೆದು ಕಂಡ ಹುಲಿಯ ಕುರುಹು, ಬೇಟೆಪ್ರಾಣಿಗಳ ಪ್ರಮಾಣ, ಮನುಷ್ಯರ ಓಡಾಟ ಇವನ್ನೆಲ್ಲ ದಾಖಲಿಸುತ್ತಾರೆ. ಕ್ಯಾಮೆರಾ ಇದ್ದ ಕಾಡುಗಳಲ್ಲಿ ಈ ಕುರುಹುಗಳಿಗೂ ಹುಲಿಯ ಸಂಖ್ಯೆಗೂ ಇರುವ ನಂಟನ್ನು ಕಂಡುಕೊಂಡು, ಅದನ್ನು ಕ್ಯಾಮೆರಾ ಇಲ್ಲದ ಕಾಡಿಗೆ ವಿಸ್ತರಿಸುತ್ತಾರೆ. ವಿಜ್ಞಾನಿಗಳ ನಡುವೆ ಜಗಳವಿರುವುದು ಇಲ್ಲಿಯೇ. ಈ ನಂಟು ಅಷ್ಟು ಭದ್ರವಲ್ಲ ಎಂದು 2015ರಲ್ಲಿ ಒಂದು ತಂಡ ಗಣಿತದ ಆಧಾರದ ಮೇಲೆ ವಾದಿಸಿತ್ತು. ಗಣತಿ ನಡೆಸುವವರು ಅದನ್ನು ಒಪ್ಪಲಿಲ್ಲ. 2018ರ ಲೆಕ್ಕದಲ್ಲಿ ಅಂದಾಜಾದ 2,967 ಹುಲಿಗಳಲ್ಲಿ 2,461, ಅಂದರೆ ಶೇಕಡ 83ರಷ್ಟು, ಚಿತ್ರದಲ್ಲಿಯೇ ಸಿಕ್ಕಿದ್ದವು ಎಂಬುದು ಅವರ ಪರವಾದ ದೊಡ್ಡ ಮಾತು. ನನಗನಿಸುವಂತೆ, ಚಿತ್ರವಿರುವ ಕಡೆಯ ಅಂಕಿಯನ್ನು ಭರವಸೆಯಿಂದ ಓದಬಹುದು, ಚಿತ್ರವಿಲ್ಲದ ಕಡೆಯದನ್ನು ಒಂದಿಷ್ಟು ಅನುಮಾನ ಇಟ್ಟುಕೊಂಡೇ ಓದುವುದು ಲೇಸು. ಕರ್ನಾಟಕದ ಅದೃಷ್ಟವೆಂದರೆ ಬಂಡೀಪುರ, ನಾಗರಹೊಳೆಯಂಥ ಮುಖ್ಯ ಕಾಡುಗಳಲ್ಲಿ ಕ್ಯಾಮೆರಾ ಕೆಲಸ ವರ್ಷಗಳಿಂದ ನಡೆದುಬಂದಿದೆ.

ಎಣಿಕೆಯೊಂದೇ ಆಗಿದ್ದರೆ ಇಷ್ಟು ಪಾಡು ಪಡಬೇಕಿರಲಿಲ್ಲ. ಒಂದೊಂದು ಹುಲಿಗೂ ಗುರುತು ಸಿಕ್ಕೊಡನೆ ಅದಕ್ಕೊಂದು ಜೀವನಚರಿತ್ರೆ ಹುಟ್ಟುತ್ತದೆ. ನಾಗರಹೊಳೆಯಲ್ಲಿ 1991ರಿಂದ 2000ದವರೆಗೆ ಚಿತ್ರಕ್ಕೆ ಸಿಕ್ಕ ಬೇರೆ ಬೇರೆ ಹುಲಿಗಳು 74. ಅವುಗಳ ದಾಖಲೆಯಿಂದ ತಿಳಿದ ವಿಷಯ ಬೆರಗಿನದು: ವರ್ಷಕ್ಕೆ ಸುಮಾರು ಶೇಕಡ 23ರಷ್ಟು ಹುಲಿಗಳು ಸತ್ತೋ ವಲಸೆ ಹೋಗಿಯೋ ಕಾಣೆಯಾಗುತ್ತಿದ್ದರೂ ಅಲ್ಲಿನ ಸಂಖ್ಯೆ ಕುಸಿದಿರಲಿಲ್ಲ. ತಿನ್ನಲು ಜಿಂಕೆ, ಕಡವೆ, ಕಾಟಿ ಹೇರಳವಾಗಿದ್ದು ಕಾವಲು ಬಿಗಿಯಾಗಿದ್ದರೆ ಹುಲಿ ಆ ನಷ್ಟವನ್ನು ತುಂಬಿಕೊಳ್ಳಬಲ್ಲದು. ಯಾವುದೋ ಒಂದು ಹುಲಿ ಸತ್ತಿತೆಂದು ಊರೆಲ್ಲ ಗೋಳಾಡಿ, ಕಾಡಂಚಿನಲ್ಲಿ ಉರುಳಿಗೆ ದಿನವೂ ಬೀಳುವ ಜಿಂಕೆಗಳ ಬಗ್ಗೆ ಸುಮ್ಮನಿರುವ ನಮ್ಮ ಜಾಗೃತಿಗೆ ಇದು ಒಳ್ಳೆಯ ಮದ್ದು. ಆಮೇಲೆ, ಬಂಡೀಪುರದಲ್ಲಿ 2010ರಲ್ಲಿ ಚಿತ್ರಕ್ಕೆ ಸಿಕ್ಕಿದ್ದ ಎಳೆಯ ಗಂಡು ಹುಲಿಯೊಂದು ಮರುವರ್ಷ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಕಾಣಿಸಿಕೊಂಡಿತು. ನೇರ ಗೆರೆ ಎಳೆದರೂ 280 ಕಿಲೋಮೀಟರ್ ಆಚೆ. ನಡುವೆ ತೋಟ, ಗದ್ದೆ, ಹೆದ್ದಾರಿ, ಊರುಗಳು. ಪಟ್ಟೆಯ ದಾಖಲೆ ಇಲ್ಲದೇ ಹೋಗಿದ್ದರೆ ಅದು ಎಲ್ಲಿಂದ ಬಂತೆಂದು ಹೇಳುವವರೇ ಇರಲಿಲ್ಲ. ವಶಪಡಿಸಿಕೊಂಡ ಹುಲಿ ಚರ್ಮವನ್ನು ಬದುಕಿದ್ದಾಗಿನ ಚಿತ್ರದೊಂದಿಗೆ ತಾಳೆ ಹಾಕಿ, ಕೊಂದದ್ದು ಯಾವ ಕಾಡಿನ ಹುಲಿಯನ್ನು ಎಂದು ಪತ್ತೆ ಮಾಡುವುದೂ ಇದರಿಂದಲೇ ಸಾಧ್ಯವಾಗಿದೆ.

ಬಲೆಗೆ ಬೇರೆಯವೂ ಬೀಳುತ್ತವೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರ ತಂಡ ಚಿರತೆಗಳಿಗಾಗಿ ಕಾವೇರಿ ವನ್ಯಧಾಮದಲ್ಲಿ ಇಟ್ಟ ಕ್ಯಾಮೆರಾಗಳಲ್ಲಿ ತರಕರಡಿ (ಹನಿ ಬ್ಯಾಜರ್) ಸಿಕ್ಕಿತು. ಅಲ್ಲಿ ಆ ಪ್ರಾಣಿ ಇದೆಯೆಂಬುದಕ್ಕೆ ಅಲ್ಲಿಯವರೆಗೆ ಚಿತ್ರದ ಸಾಕ್ಷಿಯೇ ಇರಲಿಲ್ಲ.

ಇಷ್ಟೆಲ್ಲ ಯಂತ್ರದ ಮಾತಾಯಿತು. ಹೆಗಲಿಗೆ ಉದ್ದನೆಯ ಲೆನ್ಸ್ ತೂಗುಹಾಕಿಕೊಂಡು ಸಫಾರಿಗೆ ಹೋಗುವ ಸಾವಿರಾರು ಜನರ ಚಿತ್ರಗಳಿಂದ ಏನಾದರೂ ಪ್ರಯೋಜನವಿದೆಯೇ? ಇದೆ, ಆದರೆ ಅವರು ಸಾಮಾನ್ಯವಾಗಿ ಬಯಸುವ ಚಿತ್ರದಿಂದಲ್ಲ. ಎದುರಿನಿಂದ ನೇರ ನೋಡುವ ಕಣ್ಣು, ಮಸುಕಾದ ಹಸಿರು ಹಿನ್ನೆಲೆ, ಮುಖಕ್ಕೆ ಮಾತ್ರ ಬಿದ್ದ ಬೆಳಕು: ಗೋಡೆಗೆ ಇದು ಚೆಂದ. ಗುರುತಿಗೆ ಬೇಕಾದದ್ದು ಮಗ್ಗುಲಿನ ಚಿತ್ರ. ಹುಲಿ ವಾಹನಕ್ಕೆ ಸಮಾನಾಂತರವಾಗಿ ನಡೆಯುವವರೆಗೆ ಕಾದು, ಭುಜದಿಂದ ತೊಡೆಯವರೆಗಿನ ಪೂರ್ತಿ ಮೈ ಸಿಗುವಂತೆ ತೆಗೆಯಬೇಕು. ನಡೆಯುವ ಪ್ರಾಣಿಗೆ ಸೆಕೆಂಡಿನ ಐನೂರನೆಯ ಒಂದು ಭಾಗಕ್ಕಿಂತ ನಿಧಾನದ ಶಟರ್ ಬೇಡ. ಮುಂಜಾನೆಯ ಮಬ್ಬಿನಲ್ಲಿ ಅದಕ್ಕಾಗಿ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಪ್ರಮಾಣ, ಏರಿಸಬೇಕಾಗುತ್ತದೆ, ಏರಿಸಿ. ಚಿತ್ರದಲ್ಲಿ ಮರಳಿನಂಥ ಕಾಳು ಕಂಡರೂ ಪಟ್ಟೆ ಓದಬಹುದು, ಅಲುಗಿದ ಪಟ್ಟೆಯನ್ನು ಓದಲಾಗದು. ಅದು ತಿರುಗಿದರೆ ಇನ್ನೊಂದು ಮಗ್ಗುಲನ್ನೂ ಬಿಡಬೇಡಿ. ಮೂಲ ಕಡತವನ್ನು ದಿನಾಂಕ, ಸಮಯದೊಂದಿಗೆ ಹಾಗೇ ಇರಿಸಿಕೊಳ್ಳಿ. ಕ್ಯಾಮೆರಾದ ಗಡಿಯಾರ ಸರಿಯಾಗಿದೆಯೇ ಎಂದು ನೋಡಿಕೊಳ್ಳುವ ತಾಳ್ಮೆ ನಮ್ಮಲ್ಲಿ ಬಹಳ ಜನಕ್ಕಿಲ್ಲ.

ಸಾಮಾನ್ಯರ ಚಿತ್ರಗಳಿಂದ ಇಡೀ ಗಣತಿಯನ್ನೇ ಮಾಡಿದ ದೇಶವಿದೆ. ಕೀನ್ಯಾದ ಉತ್ತರ ಭಾಗದ ಗ್ರೆವಿ ಜೀಬ್ರಾ ಅಳಿವಿನಂಚಿನ ಪ್ರಾಣಿ. 2016ರ ಜನವರಿಯಲ್ಲಿ ಅಲ್ಲಿ ಶಾಲಾ ಮಕ್ಕಳು, ಕುರಿಗಾಹಿಗಳು, ಪ್ರವಾಸಿಗಳು, ವಿಜ್ಞಾನಿಗಳು ಎರಡು ದಿನ ಕ್ಯಾಮೆರಾ ಹಿಡಿದು ಹೊರಟರು. ಎಲ್ಲರಿಗೂ ಕೊಟ್ಟ ಸೂಚನೆ ಒಂದೇ, ಜೀಬ್ರಾದ ಬಲ ಮಗ್ಗುಲನ್ನು ಮಾತ್ರ ತೆಗೆಯಿರಿ. ಕಾರಣ ಈಗ ಓದುಗರಿಗೆ ಹೇಳಬೇಕಿಲ್ಲ. ಮೊದಲ ದಿನ ಸಿಕ್ಕವುಗಳಲ್ಲಿ ಎರಡನೆಯ ದಿನ ಎಷ್ಟು ಮರಳಿ ಸಿಕ್ಕವು ಎಂದು ನೋಡಿ ಅಂದಾಜಿಸಿದ ಸಂಖ್ಯೆ 2,350. ಕಡಲಿನಲ್ಲೂ ಇಂಥದ್ದೊಂದು ನಡೆದಿದೆ. ತಿಮಿಂಗಿಲ ಶಾರ್ಕ್‌ನ ಮೈಮೇಲಿನ ಬಿಳಿ ಚುಕ್ಕೆಗಳನ್ನು ಹೋಲಿಸಲು ವಿಜ್ಞಾನಿಗಳು ಬಳಸಿಕೊಂಡದ್ದು ಖಗೋಳಶಾಸ್ತ್ರಜ್ಞರು ನಕ್ಷತ್ರಗಳ ಚಿತ್ರಗಳನ್ನು ತಾಳೆ ಹಾಕಲು ರೂಪಿಸಿದ್ದ ಸೂತ್ರವನ್ನು. ರಜೆಗೆ ಬಂದು ಕಡಲಿಗೆ ಧುಮುಕಿದವರು ತೆಗೆದ ಚಿತ್ರಗಳೇ ಆ ಭಂಡಾರವನ್ನು ತುಂಬಿವೆ.

ಚಿತ್ರದಿಂದ ಕೆಡುಕೂ ಆಗುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಮರಿಗಳಿರುವ ತಾಯಿ ಎಲ್ಲಿದೆ, ಅಪರೂಪದ ಹಕ್ಕಿ ಯಾವ ಮರದಲ್ಲಿ ಗೂಡು ಕಟ್ಟಿದೆ ಎಂಬುದು ಮೊಬೈಲಿನ ಚಿತ್ರದೊಳಗೆ ಅಡಗಿದ ಸ್ಥಳಮಾಹಿತಿಯಿಂದಲೇ ಹೊರಬೀಳಬಹುದು. ಮರುದಿನ ಅಲ್ಲಿ ವಾಹನಗಳ ಸಾಲು. ಗೂಡಿಗೆ ಅಡ್ಡವಾದ ಕೊಂಬೆಯನ್ನು ಚಿತ್ರಕ್ಕಾಗಿ ಕಡಿಯುವವರಿದ್ದಾರೆ. ಆ ಕೊಂಬೆ ಮರಿಗಳಿಗೆ ಬಿಸಿಲಿನಿಂದ ನೆರಳು, ಹದ್ದಿನಿಂದ ಮರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಕೋವಿ ಹಿಡಿದವನೂ ಕೊಂಬೆ ಕಡಿದ ಛಾಯಾಗ್ರಾಹಕನೂ ಒಂದೇ ಸಾಲಿನವರು. ಮೂವತ್ತಾರು ಚಿತ್ರಗಳ ಫಿಲ್ಮ್ ಸುರುಳಿಯ ಕಾಲದಲ್ಲಿ ಎಂ. ವೈ. ಘೋರ್ಪಡೆ, ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಅಂಥವರು ಕರ್ನಾಟಕದಲ್ಲಿ ಕಟ್ಟಿದ ವನ್ಯಜೀವಿ ಛಾಯಾಗ್ರಹಣದ ಪರಂಪರೆ ಕಾಯುವಿಕೆಯ ಮೇಲೆ ನಿಂತಿತ್ತು. ಈಗಿನ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುತ್ತದೆ, ಕಾಯುವವರು ಕಡಿಮೆಯಾಗಿದ್ದಾರೆ.

ಕೊನೆಯದಾಗಿ, ಪಟ್ಟೆಯೂ ಚುಕ್ಕೆಯೂ ಇಲ್ಲದ ಪ್ರಾಣಿಗಳ ಪಾಡು. ಸೀಳುನಾಯಿ ಹುಲಿಯಷ್ಟೇ ಅಪಾಯದಲ್ಲಿರುವ ಪ್ರಾಣಿ. ಅಳಿವಿನ ಭೀತಿಯನ್ನು ಅಳೆಯುವ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಎರಡೂ ಒಂದೇ ವರ್ಗದಲ್ಲಿವೆ. ಇಡೀ ಜಗತ್ತಿನಲ್ಲಿ ಮರಿ ಹಾಕುವ ವಯಸ್ಸಿನವು 949ರಿಂದ 2,215ರಷ್ಟು ಮಾತ್ರ ಇರಬಹುದೆಂದು ಆ ಪಟ್ಟಿಯ ಅಂದಾಜು. ಆದರೆ ಸೀಳುನಾಯಿಗಳೆಲ್ಲ ಒಂದೇ ಕೆಂಗಂದು. ಕ್ಯಾಮೆರಾ ಟ್ರ್ಯಾಪ್‌ನಲ್ಲಿ ನೂರು ಸಲ ಸಿಕ್ಕರೂ ಅವು ನೂರೋ ಹತ್ತೋ ಹೇಳಲಾಗದು. ನಾಲ್ಕು ವರ್ಷಕ್ಕೊಮ್ಮೆ ಅವುಗಳ ಅಂಕಿಯನ್ನು ಪ್ರಕಟಿಸುವ ಸಮಾರಂಭವಿಲ್ಲ, ಹಾಗಾಗಿ ಸುದ್ದಿಯಿಲ್ಲ, ಹಾಗಾಗಿ ಕಾಳಜಿಯೂ ಕಡಿಮೆ. ವಯನಾಡು ವನ್ಯಧಾಮದಲ್ಲಿ ಸಂಶೋಧಕರು ಇದಕ್ಕೊಂದು ದಾರಿ ಹುಡುಕಿದರು. ಕಾಡುದಾರಿಯಲ್ಲಿ ಬಿದ್ದ ಸೀಳುನಾಯಿಗಳ ಮಲವನ್ನು ಆರಿಸಿ, ಅದರಲ್ಲಿನ ಡಿಎನ್‌ಎಯಿಂದ ಒಂದೊಂದು ನಾಯಿಯನ್ನೂ ಗುರುತಿಸಿ, ಮರಳಿ ಸಿಕ್ಕವುಗಳ ಪಾಲನ್ನು ಹಿಡಿದು ಹುಲಿಯ ಲೆಕ್ಕವನ್ನೇ ಹಾಕಿದರು. 2021ರಲ್ಲಿ ಪ್ರಕಟವಾದ ಆ ಅಂದಾಜು ಸುಮಾರು ಐವತ್ತು. ಬಂಡೀಪುರದ, ಕಬಿನಿಯ ಸಫಾರಿಯಲ್ಲಿ ಸೀಳುನಾಯಿಯ ಹಿಂಡು ಅಡ್ಡ ಬಂದಾಗ ಹುಲಿಯಲ್ಲವೆಂದು ಕ್ಯಾಮೆರಾ ಕೆಳಗಿಡುವವರು, ಹಿಂಡಿನಲ್ಲಿ ದೊಡ್ಡವೆಷ್ಟು, ಮರಿಗಳೆಷ್ಟು ಎಂದು ಒಂದೇ ಚೌಕಟ್ಟಿನಲ್ಲಿ ಸಿಗುವಂತೆ ತೆಗೆದು ದಿನಾಂಕ ಬರೆದಿಟ್ಟರೆ ಅದು ಈ ಪ್ರಾಣಿಯ ಬಗ್ಗೆ ನಮ್ಮಲ್ಲಿರುವ ತೀರಾ ಕಡಿಮೆ ದಾಖಲೆಗಳಿಗೆ ಸೇರಿಕೊಳ್ಳುತ್ತದೆ. ಮರಿಗಳ ಗುಹೆ ಕಂಡರೆ ಮಾತ್ರ ಅದರ ಜಾಗವನ್ನು ಅರಣ್ಯ ಇಲಾಖೆಗೆ ಬಿಟ್ಟು ಬೇರೆ ಯಾರಿಗೂ ಹೇಳುವುದು ಬೇಡ.